ಕೂಗಿದ್ದು ಕೇಳಿಸಿತ್ತಾ?

ಒಂದು ಹಲ್ಲಿಗೆ ಹತ್ತು ಸಾವಿರ ರೂಪಾಯಿ. ನಾಲ್ಕು ಹಲ್ಲು ಅಂದ್ರೆ ನಲವತ್ತು ಸಾವಿರ. 'ಬರ್ತೈತೆ ಅಲ್ವಾ ಸಾರ್?'

ಫೋನಿನಲ್ಲಿ ಒಬ್ಬ ಹೆಣ್ಣುಮಗಳು ಕೇಳಿದ ಪ್ರಶ್ನೆ ಇದು. ಬೀದಿನಾಯಿಗಳ ಬಗ್ಗೆ ಒಂದು ಗಂಟೆ ಚರ್ಚೆ ಮುಗಿಸಿ ಆಗಷ್ಟೇ ಸ್ಟುಡಿಯೋದಿಂದ ಹೊರಗೆ ಬಂದಿದ್ದೆ. ಒಂದು ಕಡೆ ಪ್ರಾಣಿಪ್ರಿಯರು, ಇನ್ನೊಂದು ಕಡೆ ನಾಯಿ ಕಚ್ಚಿಸಿಕೊಂಡವರು. ಎರಡೂ ಕಡೆಯವರ ಗಂಟಲು ಒಣಗಿತ್ತು, ನನ್ನದೂ ಒಣಗಿತ್ತು. ಅಷ್ಟೊತ್ತಿಗೆ ಈ ಕರೆ. ಮಾತಿನ ಧಾಟಿ ಕೇಳಿದ ಕೂಡಲೇ ನಮ್ಮ ಚಿತ್ರದುರ್ಗ ಜಿಲ್ಲೆಯವರು ಅಂತ ಗೊತ್ತಾಯ್ತು. ಊರಿನ ಹೆಸರು ಇಲ್ಲಿ ಬೇಡ. ಹಿರಿಯೂರು, ಹೊಸದುರ್ಗ, ಹೊಳಲ್ಕೆರೆ, ಎಲ್ಲಿ ಬೇಕಾದರೂ ಇಟ್ಟುಕೊಳ್ಳಿ, ಕಥೆ ಒಂದೇ.

'ನಮ್ ಹುಡ್ಗನ್ ಕಾಲಿಗೆ ನಾಯಿ ಕಚ್ಚೈತೆ ಸಾರ್. ನಾಲ್ಕು ಹಲ್ಲು ಇಳ್ದಾವೆ. ಒಂದು ಹಲ್ಲಿಗೆ ಹತ್ತು ಸಾವ್ರ ಕೊಡ್ಬೇಕು ಅಂತ ಕೋರ್ಟು ಹೇಳೈತಂತೆ, ಮೊಬೈಲಾಗೆ ಬಂದೈತೆ.'

'ಆಸ್ಪತ್ರೆ ಚೀಟಿ ಇದೆಯೇನಕ್ಕಾ?'

'ಇತ್ತು ಸಾರ್. ನಮ್ ಯಜಮಾನ್ರ ಜೇಬಿನಾಗಿತ್ತು. ಬಟ್ಟೆ ಒಗೆಯಾಕ್ ಹಾಕ್ದಾಗ ನೆಂದೋಯ್ತು.'

'ನಾಯಿ ಕಾಟ ಅಂತ ಕಚೇರಿಗೆ ಮೊದಲೇ ಅರ್ಜಿ ಕೊಟ್ಟಿದ್ರಾ?'

'ಬಾಯಾಗೆ ಹೇಳೀವಿ ಸಾರ್. ಮೂರು ಸಲ ಹೇಳೀವಿ.'

ಬಾಯಲ್ಲಿ ಹೇಳಿದ್ದೇವೆ. ಈ ಮಾತನ್ನು ನೆನಪಿಟ್ಟುಕೊಳ್ಳಿ. ಇವತ್ತು ನಾನು ಹೇಳಹೊರಟ ಒಂಬೈನೂರು ವರ್ಷಗಳ ಕಥೆ ಪೂರ್ತಿ ಈ ಒಂದು ಮಾತಿನ ಸುತ್ತಲೇ ಸುತ್ತುತ್ತೆ.

ಮೊದಲು ಆ 'ಒಂದು ಹಲ್ಲಿಗೆ ಹತ್ತು ಸಾವಿರ'ದ ವಿಷಯ ಮುಗಿಸಿಬಿಡೋಣ. ಅದು ಸುಳ್ಳು ಸುದ್ದಿಯಲ್ಲ. 2023ರ ನವೆಂಬರ್‌ನಲ್ಲಿ ಪಂಜಾಬ್ ಮತ್ತು ಹರಿಯಾಣ ಹೈಕೋರ್ಟ್ ಬೀದಿ ಪ್ರಾಣಿಗಳಿಂದ ತೊಂದರೆಗೊಳಗಾದವರ 193 ಅರ್ಜಿಗಳನ್ನು ಒಟ್ಟಿಗೆ ತೀರ್ಮಾನ ಮಾಡಿತು. ನಾಯಿ ಕಚ್ಚಿದರೆ ಪ್ರತಿ ಹಲ್ಲಿನ ಗುರುತಿಗೆ ಕನಿಷ್ಠ 10,000 ರೂಪಾಯಿ, ಮಾಂಸ ಕಿತ್ತು ಬಂದಿದ್ದರೆ ಗಾಯದ ಪ್ರತಿ 0.2 ಸೆಂಟಿಮೀಟರಿಗೆ ಕನಿಷ್ಠ 20,000 ರೂಪಾಯಿ ಅಂತ ಲೆಕ್ಕ ಕೊಟ್ಟಿತು. ಎಂಜಿನಿಯರಿಂಗ್ ಓದಿದ ನನಗೆ ಆ ತೀರ್ಪು ನೋಡಿದಾಗ ನ್ಯಾಯಾಧೀಶರು ಸ್ಕೇಲು ಹಿಡಿದು ಕೂತಂತೆ ಅನಿಸಿತ್ತು. ಒಂದು ರೀತಿಯಲ್ಲಿ ಅದು ಒಳ್ಳೆಯದೇ. ಅಳೆಯೋಕೆ ಬಂದರೆ ವಾದ ಕಡಿಮೆಯಾಗುತ್ತೆ. ಆದರೆ ಆ ಆದೇಶ ನಡೆಯುವುದು ಪಂಜಾಬ್, ಹರಿಯಾಣ, ಚಂಡೀಗಢದಲ್ಲಿ. ನಮ್ಮ ವಕೀಲರು ಬೆಂಗಳೂರಿನಲ್ಲೋ ಧಾರವಾಡದಲ್ಲೋ ಅದನ್ನು ಉದಾಹರಣೆಯಾಗಿ ತೋರಿಸಬಹುದು. ಅದೇ ಲೆಕ್ಕದಲ್ಲಿ ಇಲ್ಲೂ ಕೊಡಿ ಅಂತ ಹಟ ಹಿಡಿಯೋಕೆ ಆಗಲ್ಲ.

ಹಾಗಾದರೆ ನಮ್ಮ ನೆಲದಲ್ಲಿ ನಾಯಿ ಕಡಿತಕ್ಕೆ ಬೆಲೆ ಕಟ್ಟಿದವರು ಯಾರು? ಯಾವಾಗ ಕಟ್ಟಿದರು? ಹಿಂದಕ್ಕೆ ಹೋಗೋಣ ಬನ್ನಿ.

ಇವತ್ತಿನ ಬೀದರ್ ಜಿಲ್ಲೆಯ ಬಸವಕಲ್ಯಾಣ. ಆಗ ಅದು ಚಾಲುಕ್ಯರ ರಾಜಧಾನಿ ಕಲ್ಯಾಣ. ಆರನೇ ವಿಕ್ರಮಾದಿತ್ಯ 1076ರಿಂದ 1126ರವರೆಗೆ ಆಳಿದ. ಅವನ ಕಾಲದಲ್ಲಿ ಅಲ್ಲೇ ಕೂತು ವಿಜ್ಞಾನೇಶ್ವರ 'ಮಿತಾಕ್ಷರ' ಬರೆದ. ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನ ಅದು. ಆಸ್ತಿ ಭಾಗದ ಕೇಸುಗಳಲ್ಲಿ ಇವತ್ತಿಗೂ ವಕೀಲರ ಬಾಯಲ್ಲಿ ಬರುವ ಹೆಸರು. ಆದರೆ ಮೂಲ ಸ್ಮೃತಿಯ ವ್ಯವಹಾರ ಕಾಂಡದಲ್ಲಿ, ಅಂದರೆ ವ್ಯಾಜ್ಯಗಳ ಭಾಗದಲ್ಲಿ, ಹೆಚ್ಚು ಜನ ಗಮನಿಸದ ಒಂದು ನಿಯಮ ಇದೆ. ಕೋರೆಹಲ್ಲಿನ ಅಥವಾ ಕೊಂಬಿನ ಪ್ರಾಣಿ ಯಾರ ಮೇಲಾದರೂ ಎರಗಿದಾಗ, ಬಿಡಿಸುವ ಶಕ್ತಿ ಇದ್ದೂ ಅದರ ಯಜಮಾನ ಬಿಡಿಸದೇ ಹೋದರೆ ಅವನಿಗೆ 'ಪ್ರಥಮ ಸಾಹಸ' ಎಂಬ ದಂಡ. ಅದೇ ಸ್ಮೃತಿಯ ಲೆಕ್ಕದಲ್ಲಿ ಅದು 270 ಪಣ. ಸಿಕ್ಕಿಬಿದ್ದವನು 'ಬಿಡಿಸ್ರಪ್ಪೋ' ಅಂತ ಕೂಗಿಕೊಂಡ ಮೇಲೂ ಯಜಮಾನ ಸುಮ್ಮನಿದ್ದರೆ ದಂಡ ಇಮ್ಮಡಿ, 540 ಪಣ.

ಕೂಗಿದರೆ ಇಮ್ಮಡಿ. ಯಾಕೆ? ಕಚ್ಚಿದ ನೋವು ಕೂಗಿದರೂ ಅಷ್ಟೇ, ಕೂಗದಿದ್ದರೂ ಅಷ್ಟೇ. ಬದಲಾಗಿದ್ದು ಯಜಮಾನನ ಸ್ಥಿತಿ. ಕೂಗು ಕಿವಿಗೆ ಬಿದ್ದ ಮೇಲೆ 'ನನಗೆ ಗೊತ್ತಿರಲಿಲ್ಲ' ಅನ್ನುವ ದಾರಿ ಅವನಿಗೆ ಮುಚ್ಚಿಹೋಯಿತು. ಗೊತ್ತಿದ್ದೂ ಸುಮ್ಮನಿದ್ದವನ ತಪ್ಪು ದೊಡ್ಡದು. ನಾಯಿ ಕಡಿತದ ಕಾನೂನಿನ ಅರ್ಧ ಭಾಗ ಈ ಒಂದು ಸಾಲಿನಲ್ಲೇ ಇದೆ.

ಆದರೆ ಒಂದು ಕೊರತೆ ಗಮನಿಸಿ. ಆ ದಂಡ ಹೋಗುತ್ತಿದ್ದುದು ರಾಜನ ಬೊಕ್ಕಸಕ್ಕೆ. ನೋವು ತಿಂದವನ ನೋವು ಅವನದ್ದೇ.

ರಕ್ತ ಸುರಿಸಿದವರಿಗೆ ಪರಿಹಾರ ಕೊಡುವುದು ನಮ್ಮ ರಾಜರಿಗೆ ಗೊತ್ತಿರಲಿಲ್ಲ ಅಂತಲ್ಲ. ಚೆನ್ನಾಗಿ ಗೊತ್ತಿತ್ತು. ಊರಿನ ದನ ಕಾಯಲು ಹೋಗಿ ಸತ್ತವರ, ಯುದ್ಧದಲ್ಲಿ ಬಿದ್ದವರ ಮನೆಯವರಿಗೆ ಭೂಮಿ ಬಿಟ್ಟುಕೊಡುವ ಪದ್ಧತಿ ಇತ್ತು. ಶಾಸನಗಳು ಅದನ್ನು ನೆತ್ತರುಗೊಡಗೆ ಅಂತ ಕರೆಯುತ್ತವೆ. ನೆತ್ತರಿಗೆ ಕೊಟ್ಟ ಕೊಡುಗೆ. ಎಷ್ಟು ನೇರವಾದ ಪದ ನೋಡಿ! ಅಷ್ಟೇ ಏಕೆ, ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ಹತ್ತನೇ ಶತಮಾನದಲ್ಲಿ ಒಂದು ನಾಯಿಗೇ ಕಲ್ಲು ನಿಲ್ಲಿಸಿದರು. ಗಂಗರ ಬೂತುಗ ತನ್ನ ವೀರ ಮಣಲೇರನಿಗೆ ಕೊಟ್ಟ ನಾಯಿ ಅದು, ಹೆಸರು ಕಾಳಿ. ಕಾಡುಹಂದಿಯ ಜೊತೆ ಹೋರಾಡಿ ಹಂದಿಯನ್ನೂ ಕೊಂದು ತಾನೂ ಸತ್ತಿತು. ಅದರ ನೆನಪಿಗೆ ಕಲ್ಲು ನೆಟ್ಟು, ಆ ಕಲ್ಲಿನ ಪೂಜೆಗೆ ಭೂಮಿ ಬಿಟ್ಟರು. ಹೋರಾಡಿದ ನಾಯಿಗೆ ಭೂಮಿ ಸಿಕ್ಕಿತು. ದಾರಿಯಲ್ಲಿ ಹೋಗುತ್ತಾ ನಾಯಿ ಕಚ್ಚಿಸಿಕೊಂಡವನಿಗೆ ಏನು ಸಿಕ್ಕಿತು ಅಂತ ಯಾವ ಕಲ್ಲನ್ನು ಕೇಳೋಣ?

ಇನ್ನೊಂದು ಕಲ್ಲು ನಮ್ಮ ಜಿಲ್ಲೆಯಲ್ಲೇ ಇದೆ. ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ. ಕ್ರಿ.ಪೂ. ಮೂರನೇ ಶತಮಾನದ ಅಶೋಕನ ಶಾಸನ. ತಂದೆ ತಾಯಿಯ ಮಾತು ಕೇಳಿ, ಸತ್ಯ ಹೇಳಿ ಅನ್ನುವ ಅದೇ ಉಸಿರಿನಲ್ಲಿ ಜೀವಿಗಳ ಮೇಲೆ ದಯೆ ಇರಲಿ ಅಂತಲೂ ಅದು ಹೇಳುತ್ತೆ. ಬೀದಿನಾಯಿ ಚರ್ಚೆಯಲ್ಲಿ ಪ್ರಾಣಿಪ್ರಿಯರನ್ನು ಕಂಡರೆ ಕೆಲವರು ಮೈಮೇಲೆ ಬೀಳುತ್ತಾರೆ, ಇದೆಲ್ಲ ಪಟ್ಟಣದವರ ಶೋಕಿ ಅಂತಾರೆ. ಸ್ವಾಮಿ, ದಯೆಯ ಮಾತು ಚಿತ್ರದುರ್ಗದ ಬಂಡೆಯ ಮೇಲೆ ಎರಡು ಸಾವಿರ ವರ್ಷದಿಂದ ಇದೆ. ನಾಯಿಯ ಮೇಲೆ ದಯೆ ತೋರಿಸಿ, ಯಾರೂ ಬೇಡ ಅನ್ನಲ್ಲ. ಆ ದಯೆಯ ಖರ್ಚನ್ನು ಕೂಲಿ ಮಾಡುವ ತಾಯಿಯೊಬ್ಬಳ ತಲೆಗೆ ಕಟ್ಟಬೇಡಿ ಅನ್ನೋದಷ್ಟೇ ನನ್ನ ಮಾತು.

ಈಗ ಬ್ರಿಟಿಷರ ಕಾಲಕ್ಕೆ ಬರೋಣ. ಇಂಗ್ಲೆಂಡಿನ ಕೋರ್ಟುಗಳಲ್ಲಿ ಸಾಕುಪ್ರಾಣಿ ಕಚ್ಚಿದ ಕೇಸು ಬಂದರೆ ಮೊದಲ ಪ್ರಶ್ನೆ ಒಂದೇ: ಈ ಪ್ರಾಣಿ ಅಪಾಯಕಾರಿ ಅಂತ ಯಜಮಾನನಿಗೆ ಮುಂಚೆಯೇ ಗೊತ್ತಿತ್ತಾ? 1846ರಲ್ಲಿ ಮೇ ಮತ್ತು ಬರ್ಡೆಟ್ ಅನ್ನುವ ಕೇಸಿನಲ್ಲಿ ಕಚ್ಚಿದ್ದು ಕೋತಿ. ಕಚ್ಚುವ ಪ್ರಾಣಿ ಅಂತ ಗೊತ್ತಿದ್ದೂ ಸಾಕಿದರೆ, ಸಾಕಿದವನು ಎಷ್ಟೇ ಎಚ್ಚರ ವಹಿಸಿದ್ದರೂ ಹೊಣೆ ಅವನದ್ದೇ ಅಂತ ಕೋರ್ಟ್ ಹೇಳಿತು. ನಾಯಿಯ ವಿಷಯದಲ್ಲಿ ಇದರ ಅರ್ಥ ಏನಾಯಿತು? ನಾಯಿ ಮೊದಲ ಸಲ ಕಚ್ಚಿದರೆ ಯಜಮಾನ ಬಹುಮಟ್ಟಿಗೆ ಬಚಾವು. ಎರಡನೇ ಸಲ ಕಚ್ಚಿದರೆ ಸಿಕ್ಕಿಬಿದ್ದ. ಜನ ಇದನ್ನು ಮೊದಲ ಕಡಿತ ಮಾಫಿ ಅಂತಲೇ ಆಡಿಕೊಂಡರು.

1865ರಲ್ಲಿ ಅಲ್ಲಿನ ಪಾರ್ಲಿಮೆಂಟು ಒಂದು ಕಾಯ್ದೆ ತಂದಿತು. ನಾಯಿ ದನವನ್ನೋ ಕುರಿಯನ್ನೋ ಕಚ್ಚಿದರೆ, ಯಜಮಾನನಿಗೆ ಮೊದಲೇ ಗೊತ್ತಿತ್ತು ಅಂತ ಸಾಬೀತು ಮಾಡಬೇಕಿಲ್ಲ, ಪರಿಹಾರ ಕೊಡಲೇಬೇಕು. ಆದರೆ ಮನುಷ್ಯನನ್ನು ಕಚ್ಚಿದರೆ? ಹಳೇ ನಿಯಮವೇ. ಅಂದರೆ ಕುರಿಗೆ ಕಚ್ಚಿದರೆ ದುಡ್ಡು ಎಣಿಸು, ಕುರಿ ಕಾಯುವವನಿಗೆ ಕಚ್ಚಿದರೆ ಪುರಾವೆ ತಾ! ನಮ್ಮ ಹಟ್ಟಿಗಳಲ್ಲಿ ಈ ಕಾನೂನು ಹೇಳಿದ್ದರೆ ಕುರಿಗಾಹಿಗಳು ನಕ್ಕುಬಿಡುತ್ತಿದ್ದರು.

ಅದೇ ಹೊತ್ತಿಗೆ ಇಲ್ಲಿ 1860ರ ಭಾರತೀಯ ದಂಡ ಸಂಹಿತೆ ಬಂತು. ಆಮೇಲೆ ಮೈಸೂರು ಸಂಸ್ಥಾನದಲ್ಲೂ ಅದೇ ಜಾರಿಯಾಯಿತು. ಅದರ 289ನೇ ಸೆಕ್ಷನ್: ತನ್ನ ಪ್ರಾಣಿಯಿಂದ ಇನ್ನೊಬ್ಬರಿಗೆ ಅಪಾಯ ಆಗದಂತೆ ನೋಡಿಕೊಳ್ಳದವನಿಗೆ ಆರು ತಿಂಗಳವರೆಗೆ ಜೈಲು ಅಥವಾ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಆಗಿನ ಸಾವಿರ ರೂಪಾಯಿ ದೊಡ್ಡ ಮೊತ್ತ. ತಮಾಷೆ ಏನು ಗೊತ್ತಾ? 2024ರ ಜೂನ್ 30ರವರೆಗೂ ಅದು ಸಾವಿರವೇ ಆಗಿತ್ತು. ಮರುದಿನ ಜಾರಿಗೆ ಬಂದ ಭಾರತೀಯ ನ್ಯಾಯ ಸಂಹಿತೆಯ 291ನೇ ಸೆಕ್ಷನ್ ಅದನ್ನು 5,000 ಮಾಡಿದೆ. ದಂಡ ಸರ್ಕಾರಕ್ಕೇ ಹೋಗುತ್ತೆ, ಮಿತಾಕ್ಷರದ ಕಾಲದ ಹಾಗೆಯೇ. ಗಾಯಾಳುವಿಗೆ ಅದರಲ್ಲಿ ಪಾಲು ಕೊಡಿಸುವ ಅಧಿಕಾರ ಕೋರ್ಟಿಗಿದೆ, ಕೇಳುವವರು ಕಡಿಮೆ. ನಷ್ಟದ ಹಣ ಬೇಕಿದ್ದರೆ ಸಿವಿಲ್ ದಾವೆ ಹೂಡಬೇಕು. ಆ ದಾವೆಗೆ ಬೇಕಾದ ಕಾನೂನನ್ನು ಸಂಹಿತೆಯಾಗಿ ಬರೆಯಲು ಫ್ರೆಡರಿಕ್ ಪೊಲಾಕ್ ಎಂಬ ವಿದ್ವಾಂಸ 1886ರಲ್ಲಿ ಕರಡು ಮಾಡಿಕೊಟ್ಟಿದ್ದ. ಅದು ಕಾಯ್ದೆ ಆಗಲೇ ಇಲ್ಲ. ಹಾಗಾಗಿ ಇವತ್ತಿಗೂ ನಾಯಿ ಕಚ್ಚಿದ್ದಕ್ಕೆ ಇಷ್ಟು ಪರಿಹಾರ ಅಂತ ಹೇಳುವ ಒಂದು ಪುಸ್ತಕ ನಮ್ಮಲ್ಲಿಲ್ಲ. ಇರುವುದೆಲ್ಲ ತೀರ್ಪುಗಳು.

ಇಲ್ಲಿ ನನ್ನದೇ ಕಥೆ ಹೇಳಬೇಕು.

1998ರ ಸುಮಾರು, ಹೊಸದುರ್ಗ ತಾಲ್ಲೂಕಿನ ನಮ್ಮೂರು. ನನಗೆ ಎಂಟು ವರ್ಷ. ಪಕ್ಕದ ಮನೆ ನಾಯಿ ಮೀನಖಂಡಕ್ಕೆ ಬಾಯಿ ಹಾಕಿತು. ಅವ್ವ ಗಾಯಕ್ಕೆ ಖಾರದ ಪುಡಿ ತುಂಬಿದಳು. ಈಗ ಗೊತ್ತು, ಅದು ತಪ್ಪು. ಸೋಪು ಹಾಕಿ, ನಲ್ಲಿ ನೀರು ಬಿಟ್ಟು, ಹದಿನೈದು ನಿಮಿಷ ತೊಳೆಯಬೇಕು. ಅಜ್ಜ ನನ್ನ ಕೈ ಹಿಡಿದುಕೊಂಡು ಪಕ್ಕದ ಮನೆ ಬಾಗಿಲಿಗೆ ಹೋದ.

'ನಿಮ್ ನಾಯಿ ಹುಡ್ಗನ್ನ ಕಚ್ಚೈತೆ ಗೌಡ್ರೆ.'

'ಅಯ್ಯೋ, ಇಷ್ಟ್ ದಿನದಾಗೆ ಯಾರಿಗೂ ಕಚ್ಚಿರ್ಲಿಲ್ಲ ಕಣಣ್ಣ!'

ಅಷ್ಟೇ. ಮಾತು ಮುಗೀತು. ಸಂಜೆ ಅವರ ಮನೆಯಿಂದ ನಾಲ್ಕು ತೆಂಗಿನಕಾಯಿ ಬಂತು. ಬಹಳ ವರ್ಷಗಳಾದ ಮೇಲೆ ಇಂಗ್ಲೆಂಡಿನ ಆ ಹಳೇ ತೀರ್ಪುಗಳ ಬಗ್ಗೆ ಓದುವಾಗ ನಾನು ಬೆಚ್ಚಿಬಿದ್ದೆ. ಗೌಡರು ಕಾನೂನು ಓದಿದವರಲ್ಲ. ಆದರೆ ಲಂಡನ್ನಿನ ವಕೀಲ ಎದ್ದುನಿಂತು ಹೇಳುತ್ತಿದ್ದ ವಾದವನ್ನೇ ಜಗಲಿ ಮೇಲೆ ಕೂತು ಹೇಳಿದ್ದರು. ನನಗೆ ಗೊತ್ತಿರಲಿಲ್ಲ.

ಆಮೇಲೆ ಹೊಟ್ಟೆಗೆ ಹತ್ತು ಸೂಜಿ, ದಿನಕ್ಕೊಂದರಂತೆ ಹತ್ತು ದಿನ. ಈಗಿನ ಮಕ್ಕಳಿಗೆ ಇದು ಗೊತ್ತಿಲ್ಲ. ಲೂಯಿ ಪಾಶ್ಚರ್ 1885ರಲ್ಲಿ ಫ್ರಾನ್ಸಿನಲ್ಲಿ ರೇಬೀಸ್ ಲಸಿಕೆ ಕೊಟ್ಟ. ನಮ್ಮ ದೇಶದಲ್ಲಿ 1900ರಲ್ಲಿ ಕಸೌಲಿಯಲ್ಲಿ, 1907ರಲ್ಲಿ ನೀಲಗಿರಿಯ ಕೂನೂರಿನಲ್ಲಿ ಪಾಶ್ಚರ್ ಸಂಸ್ಥೆಗಳು ಶುರುವಾದವು. ಹಿರಿಯೂರಿನ ಮಾರಿಕಣಿವೆ ಅಣೆಕಟ್ಟೆ ಕಟ್ಟಿ ಮುಗಿದದ್ದೂ ಅದೇ 1907ರಲ್ಲಿ. ಅವತ್ತು ಆ ಅಣೆಕಟ್ಟೆ ಕೆಲಸದವನಿಗೆ ಹುಚ್ಚುನಾಯಿ ಕಚ್ಚಿದ್ದರೆ ನೀಲಗಿರಿ ಬೆಟ್ಟ ಹತ್ತಿಯೇ ಬದುಕಬೇಕಿತ್ತು. ಜೀವ ಉಳಿದರೆ ಅದೇ ದೊಡ್ಡ ಪರಿಹಾರ. ಕಸೌಲಿಯ ಡೇವಿಡ್ ಸೆಂಪಲ್ 1911ರಲ್ಲಿ ತಯಾರಿಸಿದ ಲಸಿಕೆಯನ್ನೇ ನಮ್ಮ ಸರ್ಕಾರಿ ಆಸ್ಪತ್ರೆಗಳು 2004ರವರೆಗೂ ಹೊಟ್ಟೆಗೆ ಚುಚ್ಚುತ್ತಿದ್ದವು. ಸೂಜಿಗೆ ದುಡ್ಡಿಲ್ಲ, ನಿಜ. ಆದರೆ ಅಜ್ಜ ಹತ್ತು ದಿನ ಹೊಲ ಬಿಟ್ಟ. ಎರಡು ಟಿಕೆಟ್ಟು ಹೋಗೋದಕ್ಕೆ, ಎರಡು ಬರೋದಕ್ಕೆ. ಆ ಲೆಕ್ಕವನ್ನು ಅಜ್ಜ ಯಾರ ಹತ್ತಿರವೂ ಕೇಳಲಿಲ್ಲ. ಕೇಳಬಹುದು ಅಂತಲೇ ಅವನಿಗೆ ಗೊತ್ತಿರಲಿಲ್ಲ.

ಸಾಕಿದ ನಾಯಿಯದ್ದು ಈ ಕಥೆಯಾದರೆ, ಯಾರೂ ಸಾಕದ ನಾಯಿಯದ್ದು? ಬೀದಿನಾಯಿಗೆ ಯಜಮಾನ ಯಾರು? ಇಲ್ಲಿಂದ ಕಥೆ ಸರ್ಕಾರದ ಬಾಗಿಲಿಗೆ ಬರುತ್ತೆ. ಸರ್ಕಾರದಿಂದ ನಷ್ಟ ವಸೂಲಿ ಮಾಡಬಹುದು ಅಂತ ನಮ್ಮ ದೇಶದಲ್ಲಿ ದಾರಿ ತೋರಿಸಿದ ಕೇಸು ಯಾವುದು ಗೊತ್ತಾ? ಒಂದು ಕುದುರೆಯ ಕೇಸು. ಕಲ್ಕತ್ತಾದ ಕಿದ್ದರ್‌ಪುರ ಹಡಗುಕಟ್ಟೆಯ ಹತ್ತಿರ ಸರ್ಕಾರಿ ಕೆಲಸಗಾರರು ಹೊತ್ತಿದ್ದ ಕಬ್ಬಿಣದ ದೊಡ್ಡ ತುಂಡು ಕೆಳಗೆ ಬಿತ್ತು. ಸದ್ದಿಗೆ ಬೆದರಿ ಒಂದು ಹಡಗು ಕಂಪನಿಯ ಗಾಡಿ ಕುದುರೆ ಗಾಯಗೊಂಡಿತು. ಕಂಪನಿ ಸರ್ಕಾರದ ಮೇಲೆ 350 ರೂಪಾಯಿಗೆ ದಾವೆ ಹೂಡಿ 1861ರಲ್ಲಿ ಗೆದ್ದಿತು. ಆದರೆ ಆ ತೀರ್ಪು ಒಂದು ಕಿಂಡಿಯನ್ನೂ ಬಿಟ್ಟಿತು: ದೊರೆತನದ ಕೆಲಸದಲ್ಲಿ ಆದ ತಪ್ಪಿಗೆ ಸರ್ಕಾರ ಹೊಣೆಯಲ್ಲ. ಆ ಕಿಂಡಿಯಲ್ಲಿ ಸರ್ಕಾರಗಳು ನೂರು ವರ್ಷ ನುಸುಳಿದವು. ಮೀರತ್ ಪೊಲೀಸರು ವ್ಯಾಪಾರಿಯೊಬ್ಬರಿಂದ ವಶಪಡಿಸಿಕೊಂಡ ಚಿನ್ನವನ್ನು ಹೆಡ್ ಕಾನ್‌ಸ್ಟೆಬಲ್ಲೇ ಎತ್ತಿಕೊಂಡು ಪಾಕಿಸ್ತಾನಕ್ಕೆ ಓಡಿದ. 1965ರಲ್ಲಿ ಸುಪ್ರೀಂ ಕೋರ್ಟ್ ಆ ವ್ಯಾಪಾರಿಗೂ ಪರಿಹಾರ ಇಲ್ಲ ಅಂದಿತು!

ಗಾಳಿ ತಿರುಗಿದ್ದು 1980ರ ದಶಕದಲ್ಲಿ. ರತ್ಲಾಮ್ ಪುರಸಭೆಯ ಕೇಸಿನಲ್ಲಿ ನ್ಯಾಯಮೂರ್ತಿ ಕೃಷ್ಣ ಅಯ್ಯರ್ 1980ರಲ್ಲಿ ಸ್ಪಷ್ಟವಾಗಿ ಹೇಳಿದರು: ಚರಂಡಿ ಮಾಡಿಸೋದು ನಿನ್ನ ಕರ್ತವ್ಯ ಅಂದ ಮೇಲೆ ದುಡ್ಡಿಲ್ಲ ಅನ್ನುವ ಸಬೂಬು ನಡೆಯಲ್ಲ. 1983ರಲ್ಲಿ, ಖುಲಾಸೆಯಾದ ಮೇಲೂ ಹದಿನಾಲ್ಕು ವರ್ಷ ಜೈಲಿನಲ್ಲೇ ಕೊಳೆತ ಬಿಹಾರದ ಒಬ್ಬ ಮನುಷ್ಯನಿಗೆ ಸುಪ್ರೀಂ ಕೋರ್ಟ್ 35,000 ರೂಪಾಯಿ ಕೊಡಿಸಿತು. ಬದುಕುವ ಹಕ್ಕನ್ನು ಸರ್ಕಾರ ಮುರಿದರೆ ಸಿವಿಲ್ ದಾವೆಗೆ ಕಾಯದೆ ರಿಟ್ ಅರ್ಜಿಯಲ್ಲೇ ಪರಿಹಾರ ಕೇಳಬಹುದು ಅನ್ನುವ ಬಾಗಿಲು ತೆರೆದಿದ್ದು ಆಗ.

ಬಾಗಿಲು ತೆರೆಯಿತು ಅಂತ ಎಲ್ಲರೂ ಒಳಗೆ ಹೋಗಲಿಲ್ಲ. ರಾಜಕೋಟ್‌ನಲ್ಲಿ 1975ರಲ್ಲಿ ರಸ್ತೆಬದಿಯ ಮರ ಬಿದ್ದು ಒಬ್ಬರು ಸತ್ತಿದ್ದರು. 1997ರಲ್ಲಿ ಸುಪ್ರೀಂ ಕೋರ್ಟ್ ಪಾಲಿಕೆಯನ್ನು ಹೊಣೆ ಮಾಡಲಿಲ್ಲ. ಆ ಮರ ಬೀಳುತ್ತೆ ಅಂತ ಪಾಲಿಕೆ ಮೊದಲೇ ಕಾಣುವಂತಿರಲಿಲ್ಲ ಅನ್ನುವುದು ಅಲ್ಲಿನ ತರ್ಕ. ಮತ್ತೆ ಅದೇ ಮಾತು ನೋಡಿ, ಗೊತ್ತಿರಲಿಲ್ಲ!

ನಾಯಿಯ ವಿಷಯದಲ್ಲಿ ಹಾಗೆ ಹೇಳುವುದು ಕಷ್ಟ. ಯಾಕಂದ್ರೆ ಕಾನೂನೇ ಹೊಣೆ ಹೊರಿಸಿದೆ. 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಅಡಿಯಲ್ಲಿ 2001ರಲ್ಲಿ ನಾಯಿಗಳ ಸಂತಾನ ನಿಯಂತ್ರಣ ನಿಯಮ ಬಂತು, 2023ರಲ್ಲಿ ಹೊಸ ನಿಯಮ. ಬೀದಿನಾಯಿಯನ್ನು ಹಿಡಿದು, ಸಂತಾನಹರಣ ಮಾಡಿಸಿ, ರೇಬೀಸ್ ಲಸಿಕೆ ಹಾಕಿಸಿ, ಹಿಡಿದ ಜಾಗಕ್ಕೇ ಬಿಡಬೇಕು. ಆ ಕೆಲಸ ಸ್ಥಳೀಯ ಸಂಸ್ಥೆಯದು. ಕೊಲ್ಲುವ ಹಾಗಿಲ್ಲ, ಸುಮ್ಮನೆ ಕೂರುವ ಹಾಗೂ ಇಲ್ಲ.

ಇದಕ್ಕೆ ನಮ್ಮ ರಾಜ್ಯದ್ದೇ ಸಾಕ್ಷಿ ಇದೆ. 2018ರಲ್ಲಿ ಬೆಳಗಾವಿ ತಾಲ್ಲೂಕಿನ ಬಾಳೇಕುಂದ್ರಿಯಲ್ಲಿ ಎರಡು ವರ್ಷದ ಗಂಡುಮಗು ಬೀದಿನಾಯಿಗಳ ದಾಳಿಗೆ ಬಲಿಯಾಯಿತು. ತಂದೆ ಹೈಕೋರ್ಟಿನ ಧಾರವಾಡ ಪೀಠದ ಮೆಟ್ಟಿಲು ಹತ್ತಿದರು. 2022ರಲ್ಲಿ ಕೋರ್ಟ್ 10 ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶ ಮಾಡಿತು. ನಾಯಿಗೆ ಯಜಮಾನ ಇಲ್ಲದಿದ್ದರೆ ಬೀದಿಗೆ ಯಜಮಾನ ಇದ್ದಾನಲ್ಲ! ಕೇರಳದಲ್ಲಿ ಇನ್ನೊಂದು ದಾರಿ. 2016ರಲ್ಲಿ ಸುಪ್ರೀಂ ಕೋರ್ಟ್ ನ್ಯಾಯಮೂರ್ತಿ ಸಿರಿಜಗನ್ ಸಮಿತಿ ನೇಮಿಸಿತು. ನಾಯಿ ಕಚ್ಚಿದವರು ಕೋರ್ಟಿಗೆ ಅಲೆಯದೆ ಆ ಸಮಿತಿಗೇ ಅರ್ಜಿ ಹಾಕುವಂತಾಯಿತು.

2025 ನಾಯಿಗಳದ್ದೇ ವರ್ಷ. ಸುಪ್ರೀಂ ಕೋರ್ಟ್ ಆಗಸ್ಟ್‌ನಲ್ಲಿ ದೆಹಲಿಯ ಬೀದಿನಾಯಿಗಳ ಬಗ್ಗೆ ಒಂದು ಆದೇಶ ಕೊಟ್ಟು ಅದೇ ತಿಂಗಳು ಬದಲಿಸಿತು. ನವೆಂಬರ್ 7ರಂದು ಶಾಲೆ, ಆಸ್ಪತ್ರೆ, ಬಸ್ ನಿಲ್ದಾಣ, ರೈಲು ನಿಲ್ದಾಣಗಳಿಂದ ನಾಯಿಗಳನ್ನು ತೆಗೆಯಿರಿ ಅಂದಿತು. ಅದೇ ನವೆಂಬರ್‌ನಲ್ಲಿ ಕರ್ನಾಟಕ ಸರ್ಕಾರ ಪರಿಹಾರ ಘೋಷಿಸಿತು: ಗಾಯವಾದರೆ 5,000 ರೂಪಾಯಿ, ಸಾವಾದರೆ 5 ಲಕ್ಷ. ಆ ಐದು ಸಾವಿರದಲ್ಲಿ 3,500 ಗಾಯಾಳುವಿನ ಕೈಗೆ, 1,500 ಚಿಕಿತ್ಸೆ ವೆಚ್ಚಕ್ಕೆ ಸುವರ್ಣ ಆರೋಗ್ಯ ಸುರಕ್ಷಾ ಟ್ರಸ್ಟಿಗೆ. ಡಿಸೆಂಬರ್‌ನಲ್ಲಿ ನಮ್ಮ ಪಕ್ಕದ ದಾವಣಗೆರೆ ಬಳಿ ಎರಡು ರಾಟ್‌ವೈಲರ್ ನಾಯಿಗಳ ದಾಳಿಗೆ ಮಹಿಳೆಯೊಬ್ಬರು ಪ್ರಾಣ ಬಿಟ್ಟರು. 2026ರ ಜನವರಿಯಲ್ಲಿ ನ್ಯಾಯಮೂರ್ತಿ ವಿಕ್ರಂ ನಾಥ್ ಅವರ ಪೀಠ ವಿಚಾರಣೆಯ ವೇಳೆ, ಮಕ್ಕಳು ವೃದ್ಧರಿಗೆ ನಾಯಿ ಕಚ್ಚಿದರೆ ರಾಜ್ಯ ಸರ್ಕಾರಗಳಿಂದ ಭಾರಿ ಪರಿಹಾರ ಕೊಡಿಸಬೇಕಾಗುತ್ತೆ ಅಂತ ಎಚ್ಚರಿಸಿತು.

ಸರಿ, ಈಗ 3,500ಕ್ಕೆ ಬರೋಣ. ಫೋನ್ ಮಾಡಿದ ಆ ಅಕ್ಕನ ಜೊತೆ ಕೂತು ಲೆಕ್ಕ ಹಾಕಿದೆ. ಮಗನಿಗೆ ಲಸಿಕೆ ಹಾಕಿಸಲು ನಾಲ್ಕು ಸಲ ಆಸ್ಪತ್ರೆ. ದಿನಕ್ಕೆ 400ರಂತೆ ನಾಲ್ಕು ದಿನದ ಕೂಲಿ 1,600. ಮೊದಲ ದಿನ ರಕ್ತ ಸುರಿಯುತ್ತಿದ್ದಾಗ ಆಟೋ 600. ಹೊರಗೆ ಬರೆದುಕೊಟ್ಟ ಮಾತ್ರೆ, ಮುಲಾಮು, ಬ್ಯಾಂಡೇಜು 850. ಬಸ್ಸು 300. 'ಹೆಂಗಸ್ರಿಗೆ ಫ್ರೀ ಅಲ್ವಾ?' ಅಂತೀರಾ? ಅದು ಸರ್ಕಾರಿ ಬಸ್ಸಿನಲ್ಲಿ ಸ್ವಾಮಿ. ನಮ್ಮ ಕಡೆ ಹಳ್ಳಿಗಳಿಗೆ ಪ್ರೈವೇಟ್ ಬಸ್ಸೇ ಗತಿ. ಒಟ್ಟು 3,350. ಸರ್ಕಾರದ ದುಡ್ಡು ಪೂರ್ತಿ ಕೈಗೆ ಬಂದರೂ ಉಳಿಯೋದು 150 ರೂಪಾಯಿ. ಆ ಹುಡುಗನ ನೋವಿಗೆ, ರಾತ್ರಿ ಬೆಚ್ಚಿ ಏಳುವುದಕ್ಕೆ, ಕಾಲ ಮೇಲೆ ಉಳಿಯುವ ಕಲೆಗೆ ಕಟ್ಟಿದ ಬೆಲೆ ಅದು.

ಎಂಜಿನಿಯರಿಂಗಿನಲ್ಲಿ ಫೀಡ್‌ಬ್ಯಾಕ್ ಅಂತ ಒಂದು ಪಾಠ ಇದೆ. ಫಲಿತಾಂಶ ಕೆಟ್ಟಾಗ ಅದರ ಪೆಟ್ಟು ಯಂತ್ರ ನಡೆಸುವ ಕಡೆಗೆ ವಾಪಸ್ ಬರಬೇಕು, ಆಗ ಮಾತ್ರ ಅದು ಸರಿಹೋಗುತ್ತೆ. ನಾಯಿ ಕಚ್ಚಿದರೆ ಪೆಟ್ಟು ಕೂಲಿಯವಳಿಗೆ, ಸಂತಾನಹರಣ ಮಾಡಿಸದ ಕಚೇರಿಗೆ ಏನೂ ಇಲ್ಲ ಅಂದರೆ ಅದು ಯಾಕೆ ಸರಿಹೋಗಬೇಕು? ಪರಿಹಾರ ಅನ್ನೋದು ಆ ವಾಪಸ್ ಬರುವ ಪೆಟ್ಟು. ಮೊತ್ತ ದೊಡ್ಡದಾದಷ್ಟೂ ಕಚೇರಿ ಬೇಗ ಏಳುತ್ತೆ.

ಆ ಪೆಟ್ಟು ವಾಪಸ್ ಹೋಗುವ ತಂತಿಯೇ ಕಾಗದ. ನಾನು ಉತ್ಪ್ರೇಕ್ಷೆ ಮಾಡುತ್ತಿಲ್ಲ. 2024ರಲ್ಲಿ ದೇಶದಲ್ಲಿ ದಾಖಲಾದ ನಾಯಿ ಕಡಿತ 37,17,336 ಅಂತ ಕೇಂದ್ರ ಸರ್ಕಾರ ಸಂಸತ್ತಿನಲ್ಲಿ ಹೇಳಿತು. ರೇಬೀಸ್‌ನಿಂದ ಸತ್ತಿರಬಹುದಾದವರು ಎಷ್ಟು? 54. ಆದರೆ ವಿಶ್ವ ಆರೋಗ್ಯ ಸಂಸ್ಥೆಯ ಅಂದಾಜು ವರ್ಷಕ್ಕೆ 18,000ದಿಂದ 20,000. ಅದು ಹಳೆಯ ಲೆಕ್ಕ ಅಂತ ಬಿಟ್ಟರೂ ಐಸಿಎಂಆರ್‌ನ ಇತ್ತೀಚಿನ ಸಮೀಕ್ಷೆಯ ಅಂದಾಜು 5,726. 54 ಎಲ್ಲಿ, 5,726 ಎಲ್ಲಿ? ನಡುವಿನ ಸಾವುಗಳೆಲ್ಲ ಕಾಗದದ ಮೇಲೆ ಇಲ್ಲ. ಬಾಯಲ್ಲಿ ಹೇಳಿದ ಸಾವುಗಳು ಅವು.

ಆದ್ದರಿಂದ ನಾಯಿ ಕಚ್ಚಿದರೆ ಗಾಯ ತೊಳೆದು ಆಸ್ಪತ್ರೆಗೆ ಓಡಿ, ಅದು ಮೊದಲು. ಚೀಟಿ ಇಸ್ಕೊಳ್ಳಿ, ಅದರಲ್ಲಿ 'ನಾಯಿ ಕಡಿತ' ಅಂತ ಬರೆದಿದೆಯಾ ನೋಡಿ, ಫೋನಿನಲ್ಲಿ ಫೋಟೋ ಹೊಡೆದುಕೊಳ್ಳಿ. ಗಾಯದ ಫೋಟೋ, ತಾರೀಖು, ಜಾಗ, ನೋಡಿದವರ ಹೆಸರು, ಔಷಧಿ ಅಂಗಡಿ ಬಿಲ್ಲು, ಎಲ್ಲ ಒಂದು ಕವರಿನಲ್ಲಿ ಹಾಕಿಡಿ. ಸಾಕುನಾಯಿಯಾದರೆ ಪೊಲೀಸ್ ಠಾಣೆಗೆ ದೂರು, ಯಜಮಾನನ ಮೇಲೆ ಸಿವಿಲ್ ದಾವೆಯೂ ಹೂಡಬಹುದು. ಬೀದಿನಾಯಿಯಾದರೆ ನಗರಸಭೆ, ಪುರಸಭೆ, ಪಂಚಾಯಿತಿ, ಯಾವುದು ನಿಮ್ಮದೋ ಅಲ್ಲಿಗೆ ಬರಹದಲ್ಲಿ ಅರ್ಜಿ. ಅರ್ಜಿಯ ನಕಲಿನ ಮೇಲೆ ಸೀಲು, ಸಹಿ ಹಾಕಿಸಿಕೊಳ್ಳದೆ ಆ ಕಚೇರಿಯ ಹೊಸ್ತಿಲು ದಾಟಬೇಡಿ. ಸರ್ಕಾರದ ಮೇಲೆ ಸಿವಿಲ್ ದಾವೆ ಹೂಡುವುದಾದರೆ ಎರಡು ತಿಂಗಳ ಮುಂಚೆ ನೋಟಿಸ್ ಕೊಡಬೇಕು. ವಕೀಲರಿಗೆ ಕೊಡಲು ದುಡ್ಡಿಲ್ಲವಾ? ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರ ಇದೆ. 1987ರ ಕಾಯ್ದೆಯ ಪ್ರಕಾರ ಮಹಿಳೆಯರಿಗೆ, ಮಕ್ಕಳಿಗೆ, ಪರಿಶಿಷ್ಟ ಜಾತಿ, ಪಂಗಡದವರಿಗೆ ಆದಾಯ ಎಷ್ಟೇ ಇರಲಿ ವಕೀಲರ ನೆರವು ಉಚಿತ. ಇನ್ನೊಂದು ಮಾತು: ಕಚ್ಚುವ ತನಕ ಕಾಯಬೇಡಿ. ಅಟ್ಟಿಸಿಕೊಂಡು ಬಂದ ದಿನವೇ ಅರ್ಜಿ ಬರೆಯಿರಿ.

ಯಾಕಂದ್ರೆ ಕಲ್ಯಾಣದಲ್ಲಿ ಕೂತವರು ಒಂಬೈನೂರು ವರ್ಷದ ಹಿಂದೆಯೇ ಚರ್ಚಿಸಿದ್ದು ಇದನ್ನೇ. ಕೂಗಿದ ಮೇಲೂ ಬರದಿದ್ದವನ ತಪ್ಪು ಇಮ್ಮಡಿ. ಆಗ ಕೂಗು ಬಾಯಲ್ಲಿ ಇತ್ತು. ಈಗ ಅದು ಸೀಲು ಬಿದ್ದ ಕಾಗದದಲ್ಲಿ ಇದೆ.

ಆ ಅಕ್ಕ ಮತ್ತೆ ಆಸ್ಪತ್ರೆಗೆ ಹೋದರು. ನೆಂದುಹೋದ ಚೀಟಿ ಹೋಯಿತು, ಆದರೆ ಲಸಿಕೆ ಹಾಕಿದ ರಿಜಿಸ್ಟರಿನಲ್ಲಿ ಮಗನ ಹೆಸರು, ತಾರೀಖು ಇತ್ತು. ಅದರ ನಕಲು ಇಸ್ಕೊಂಡು ಅರ್ಜಿ ಕೊಟ್ಟರು. ಈ ಪುಸ್ತಕ ಅಚ್ಚಿಗೆ ಹೋಗುವ ಹೊತ್ತಿಗೆ ದುಡ್ಡು ಬಂದಿಲ್ಲ. ಮೊನ್ನೆ ಫೋನ್ ಮಾಡಿದ್ದರು.

'ದುಡ್ಡು ಬರ್ಲಿ ಬಿಡ್ಲಿ ಸಾರ್, ನಮ್ ಬೀದಿಯೋರೆಲ್ಲ ಸೇರಿ ಇನ್ನೊಂದ್ ಅರ್ಜಿ ಕೊಟ್ಟೀವಿ. ಹನ್ನೊಂದು ಜನ ಸೈನ್ ಹಾಕೀವಿ. ಸೀಲು ಹಾಕ್ಸ್ಕಂಡೀವಿ.'

ಆ ಬೀದಿಯಲ್ಲಿ ನಾಳೆ ಇನ್ನೊಂದು ಮಗುವಿಗೆ ನಾಯಿ ಕಚ್ಚಿತು ಅಂತಿಟ್ಟುಕೊಳ್ಳಿ, ಕಚ್ಚದೇ ಇರಲಿ. ಆದರೆ ಕಚ್ಚಿದರೆ, ನಮಗೆ ಗೊತ್ತಿರಲಿಲ್ಲ ಅಂತ ಹೇಳುವುದು ಇನ್ನು ಯಾರಿಗೂ ಸಾಧ್ಯವಿಲ್ಲ. ನಿಮ್ಮ ಬೀದಿಯ ಅರ್ಜಿ ಎಲ್ಲಿದೆ?